ನೆಲ ಒರೆಸುವ ಮನೆಗೆ ಯಾವ ಹಾಸು? ಜಮಖಾನೆ, ಕಾರ್ಪೆಟ್, ರನ್ನರ್ ಹೋಲಿಸಿ ನೋಡೋಣ

ಅಂಗಡಿಯಲ್ಲಿ ಒಂದು ಕಾರ್ಪೆಟ್ ಇಷ್ಟವಾದರೆ ಬಣ್ಣ, ಬೆಲೆ ಎರಡನ್ನೂ ನಾನು ಆಮೇಲೆ ನೋಡುತ್ತೇನೆ. ಮೊದಲು ಅದರ ಒಂದು ಮೂಲೆ ಹಿಡಿದು ಎತ್ತುತ್ತೇನೆ. ಅರ್ಧದವರೆಗೆ ಮಡಚುತ್ತೇನೆ. ಒಬ್ಬಳೇ ಮಡಚಲು ಆಯಿತು ಅಂದರೆ ಮುಂದಿನ ಮಾತು. ಆಗಲಿಲ್ಲ ಅಂದರೆ, ಎಷ್ಟೇ ಚೆಂದ ಇರಲಿ, ಅದು ನಮ್ಮ ಹಾಲ್‌ಗೆ ಬರುವುದಿಲ್ಲ.

ಯಾಕೆ ಅಂದರೆ ನಾವು ದಿನಾ ಕಸ ಗುಡಿಸಿ ನೆಲ ಒರೆಸುವ ಜನ. ಕಾರ್ಪೆಟ್ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದ ಮನೆಗಳಿಗೆ ಹೇಳಿದ್ದು. ಅಲ್ಲಿ ಮರದ ನೆಲ, ವ್ಯಾಕ್ಯೂಮ್ ಕ್ಲೀನರ್, ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿದ್ದಿರುವ ದಪ್ಪ ಕಾರ್ಪೆಟ್. ನಮ್ಮಲ್ಲಿ ಹಾಸಿನ ಅಂಚಿನವರೆಗೂ ದಿನಾ ಒದ್ದೆ ಬಟ್ಟೆ ಬರುತ್ತದೆ. ಭಾರ ಇದ್ದರೆ ಯಾರೂ ಎತ್ತಿ ಒರೆಸುವುದಿಲ್ಲ, ಸುತ್ತ ಒರೆಸಿ ಬಿಡುತ್ತಾರೆ. ಅಂಚು ದಿನಾ ಚೂರು ಚೂರು ನೆನೆಯುತ್ತದೆ. ಅಡಿಯಲ್ಲಿ ಧೂಳು ಕೂರುತ್ತದೆ. ಮಳೆಗಾಲದಲ್ಲಿ ಎರಡೂ ಸೇರಿ ವಾಸನೆ ಬರುತ್ತದೆ.

ಹಾಗಾಗಿ ಈ ಹೋಲಿಕೆಯನ್ನೆಲ್ಲ ನಾನು ಒಂದೇ ಅಳತೆಗೋಲಿನಿಂದ ಮಾಡಿದ್ದೇನೆ: ಎತ್ತಬಹುದಾ, ಒಗೆಯಬಹುದಾ, ಬೇಗ ಒಣಗುತ್ತದಾ?

ಒಂದು ಪದದ ಗೊಂದಲ ಮೊದಲೇ ಬಗೆಹರಿಸಿಬಿಡುತ್ತೇನೆ. ನಮ್ಮಲ್ಲಿ ರಗ್ಗು ಅಂದರೆ ಹೊದೆಯುವುದು. ಅಂಗಡಿಗಳಲ್ಲಿ ಈಗ ರಗ್ ಅಂದರೆ ಹಾಸುವುದು. ಆನ್‌ಲೈನ್‌ನಲ್ಲಿ ಹುಡುಕುವಾಗ ಎರಡೂ ಕಲಸಿಹೋಗುತ್ತವೆ. ಇಲ್ಲಿ ನಾನು ಜೂಲು, ಅಂದರೆ ಮೇಲೆ ಎದ್ದು ನಿಂತ ಎಳೆಗಳು, ಇರುವುದನ್ನು ಕಾರ್ಪೆಟ್ ಎಂದೂ, ಜೂಲಿಲ್ಲದೆ ಚಪ್ಪಟೆಯಾಗಿ ನೇಯ್ದದ್ದನ್ನು ಜಮಖಾನೆ ಎಂದೂ, ಉದ್ದಕ್ಕೆ ಕಿರಿದಾಗಿರುವುದನ್ನು ರನ್ನರ್ ಎಂದೂ ಕರೆದಿದ್ದೇನೆ.

ಹತ್ತಿ, ಉಣ್ಣೆ ಮತ್ತು ಉಳಿದವು

ಹತ್ತಿಯ ಜಮಖಾನೆ ನನ್ನ ಮೊದಲ ಆಯ್ಕೆ. ಹಗುರ, ಒಗೆಯಬಹುದು, ಬಿಸಿಲಿದ್ದರೆ ಒಂದೇ ದಿನದಲ್ಲಿ ಒಣಗುತ್ತದೆ. 5x8 ಅಡಿಯ ಹತ್ತಿ ಜಮಖಾನೆ ಸಾಮಾನ್ಯವಾಗಿ 4ರಿಂದ 6 ಕೆ.ಜಿ. ತೂಗುತ್ತದೆ. ಅದೇ ಅಳತೆಯ ದಪ್ಪ ಉಣ್ಣೆ ಕಾರ್ಪೆಟ್ 12 ಕೆ.ಜಿ. ದಾಟುವುದು ದೊಡ್ಡ ಮಾತಲ್ಲ. ಬೆಳಗ್ಗೆ ಒಂದು ಕೈಯಲ್ಲಿ ಬಕೆಟ್ ಹಿಡಿದು ನಿಂತಾಗ ಈ ವ್ಯತ್ಯಾಸ ಗೊತ್ತಾಗುತ್ತದೆ.

ಜಮಖಾನೆಗೆ ಇನ್ನೊಂದು ಒಳ್ಳೆಯ ಗುಣ ಇದೆ. ಎರಡೂ ಮುಖ ಒಂದೇ. ಮೇಲಿನದು ಕೊಳೆಯಾಯಿತು ಅಥವಾ ಬಣ್ಣ ಮಾಸಿತು ಅಂದರೆ ತಿರುಗಿಸಿ ಹಾಸಿದರೆ ಹೊಸದರ ಹಾಗೆ ಕಾಣುತ್ತದೆ.

ಇಲ್ಲಿ ನವಲಗುಂದದ ಮಾತು ಬರಲೇಬೇಕು. ಧಾರವಾಡ ಜಿಲ್ಲೆಯ ಈ ಊರಿನ ಜಮಖಾನೆಗೆ ಜಿಐ, ಅಂದರೆ ಊರಿನ ಹೆಸರಿಗೇ ಸಿಗುವ ಭೌಗೋಳಿಕ ಗುರುತಿನ, ಮಾನ್ಯತೆ ಇದೆ. ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ ಬಂದ ನೇಕಾರರಿಂದ ಇದು ಶುರುವಾಯಿತು ಎಂದು ಅಲ್ಲಿಯವರು ಹೇಳುತ್ತಾರೆ. ನೇಯುವವರು ಹೆಣ್ಣುಮಕ್ಕಳು. ಮಗ್ಗ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಅಡ್ಡಕ್ಕೆ ಹೋಗುವ ಹೊಕ್ಕಿನ ಬಣ್ಣದ ನೂಲನ್ನು ಈ ತುದಿಯಿಂದ ಆ ತುದಿಗೆ ಒಂದೇ ಓಟದಲ್ಲಿ ಎಳೆಯುವುದಿಲ್ಲ. ಎಲ್ಲಿ ಯಾವ ಬಣ್ಣ ಬೇಕೋ ಅಲ್ಲಿಗಷ್ಟೇ ಆ ನೂಲು ಹಾಕಿ, ತಿರುಗಿಸಿ, ಬಾಚಣಿಗೆಯಂಥ ಸಾಧನದಿಂದ ಕುಟ್ಟಿ ಕುಟ್ಟಿ ಕೂರಿಸುತ್ತಾರೆ. ಹಾಗಾಗಿ ಜಮಖಾನೆ ತೆಳ್ಳಗಿದ್ದರೂ ಬಿಗಿಯಾಗಿರುತ್ತದೆ. ನಡುವೆ ಪಗಡೆಯ ಹಾಸು, ಸುತ್ತ ನವಿಲು. ಕೈಯಲ್ಲಿ ಸವರಿದರೆ ಎರಡು ಬಣ್ಣ ಸೇರುವ ಕಡೆ ಸಣ್ಣ ಮೆಟ್ಟಿಲುಗಳು ಬೆರಳಿಗೆ ತಾಗುತ್ತವೆ. ನೇಯುವ ಕೈಗಳು ಈಗ ಬಹಳ ಕಡಿಮೆಯಾಗಿವೆ. ಬೇಕು ಅನ್ನುವವರು ಮೊದಲೇ ಹೇಳಿ, ಕಾದು ತರಿಸಿಕೊಳ್ಳುವುದು ಒಳ್ಳೆಯದು. ನನ್ನ ಮಟ್ಟಿಗೆ ಕಾಯುವಷ್ಟು ಯೋಗ್ಯತೆ ಅದಕ್ಕಿದೆ.

ಅಷ್ಟು ಕಾಯಲಾಗದವರಿಗೆ ತಮಿಳುನಾಡಿನ ಈರೋಡ್ ಜಿಲ್ಲೆಯ ಭವಾನಿಯ ಜಮಖಾನೆ ಇದೆ. ಅಡ್ಡಡ್ಡ ಬಣ್ಣದ ಪಟ್ಟೆಗಳು, ಒರಟು ಹತ್ತಿ. ಮದುವೆಮನೆಗಳಲ್ಲಿ ನಾವೆಲ್ಲ ಇಂಥ ಪಟ್ಟೆ ಜಮಖಾನೆಯ ಮೇಲೆ ಕೂತು ಬೆಳೆದವರೇ. ಉತ್ತರದ ಕಡೆ ಮಿರ್ಜಾಪುರದ ದರಿ ಸಿಗುತ್ತದೆ, ಅದೂ ಚಪ್ಪಟೆ ನೇಯ್ಗೆಯೇ.

ಹತ್ತಿಯ ದೋಷ ಎರಡು. ಟೈಲ್ಸ್ ಮೇಲೆ ಜಾರುತ್ತದೆ, ಕಲೆಯನ್ನು ಬೇಗ ಹೀರುತ್ತದೆ. ಮೊದಲನೆಯದಕ್ಕೆ ಪರಿಹಾರ ಇದೆ, ಮುಂದೆ ಹೇಳುತ್ತೇನೆ. ಎರಡನೆಯದಕ್ಕೆ ಒಗೆಯುವುದೇ ಪರಿಹಾರ.

ಉಣ್ಣೆಯದು ಬೇರೆಯೇ ಲೆಕ್ಕ. ಕಾಲಿಗೆ ಬೆಚ್ಚಗೆ, ತುಳಿದರೂ ಮತ್ತೆ ಎದ್ದು ನಿಲ್ಲುತ್ತದೆ. ಉಣ್ಣೆಯ ಎಳೆಗೆ ಹುಟ್ಟಾ ಜಿಡ್ಡಿನ ಅಂಶ ಇರುವುದರಿಂದ ಚೆಲ್ಲಿದ ನೀರು ಕೂಡಲೇ ಒಳಗಿಳಿಯುವುದಿಲ್ಲ. ಕಿಡಿ ಬಿದ್ದರೆ ಕರಕಲಾಗಿ ಅಲ್ಲೇ ಆರುತ್ತದೆ, ಉರಿದು ಹರಡುವುದಿಲ್ಲ. ಆದರೆ ಮನೆಯಲ್ಲಿ ಒಗೆಯಲಾಗದು, ಹುಳು ಹಿಡಿಯುತ್ತದೆ, ಕರಾವಳಿಯ ತೇವಕ್ಕೆ ಒಗ್ಗುವುದಿಲ್ಲ. ಹೊಸ ಉಣ್ಣೆ ಕಾರ್ಪೆಟ್ ಮೊದಲ ಕೆಲವು ತಿಂಗಳು ನಯವಾದ ಎಳೆಗಳನ್ನು ಉದುರಿಸುತ್ತದೆ. ಅದು ಸಹಜ, ಹೆದರಬೇಡಿ. ಆದರೆ ಆ ಸಮಯದಲ್ಲಿ ಮನೆಯಲ್ಲಿ ಉಬ್ಬಸದವರು ಇದ್ದರೆ ಕಷ್ಟವಾಗುತ್ತದೆ.

ಬೆಂಗಳೂರು, ಮೈಸೂರು, ಮಡಿಕೇರಿಯ ಚಳಿಗೆ ಉಣ್ಣೆ ಬೇಕೇ ಬೇಕು ಅನ್ನುವವರಿಗೆ ನಮ್ಮದೇ ಎರಡು ದಾರಿ ಇವೆ. ಒಂದು, ಚಳ್ಳಕೆರೆ ಕಡೆಯ ಕಂಬಳಿ. ದಖ್ಖನಿ ಕುರಿಯ ಉಣ್ಣೆ, ಬಣ್ಣ ಹಾಕದ ಕಪ್ಪು, ಹುಣಸೆ ಬೀಜದ ಗಂಜಿ ಕೊಟ್ಟು ನೇಯ್ದದ್ದು. ಒರಟು ಅನ್ನುವುದು ನಿಜ. ಆದರೆ ಮಂಚದ ಪಕ್ಕ ಮಡಚಿ ಹಾಸಿದರೆ ಬೆಳಗಿನ ಜಾವ ಕಾಲಿಡಲು ಅಷ್ಟು ಹಿತವಾದದ್ದು ಬೇರೆ ಇಲ್ಲ. ಇನ್ನೊಂದು, ಬೈಲಕುಪ್ಪೆಯಂಥ ಟಿಬೆಟನ್ ನೆಲೆಗಳ ಕೈಗಂಟಿನ ಕಾರ್ಪೆಟ್. ಅವರ ಹಳೆಯ ಅಳತೆ ಸುಮಾರು 3x6 ಅಡಿ, ಒಬ್ಬರು ಮಲಗುವಷ್ಟು. ನಮ್ಮ ರೂಮುಗಳಿಗೆ ಇದು ಹೇಳಿ ಮಾಡಿಸಿದ ಹಾಗಿರುತ್ತದೆ.

ಸೆಣಬು ನೋಡಲು ಚೆಂದ, ಅಗ್ಗ. ನೀರು ಬಿದ್ದರೆ ಕಂದು ಕಲೆ ಉಳಿಯುತ್ತದೆ. ಮಂಗಳೂರು, ಕಾರವಾರ, ಮಲೆನಾಡಿನವರು ಜೂನ್ ಬರುವ ಮೊದಲೇ ಸುತ್ತಿ ಅಟ್ಟಕ್ಕೆ ಹಾಕಬೇಕಾಗುತ್ತದೆ. ಬಳ್ಳಾರಿ, ಕಲಬುರಗಿಯ ಒಣ ಹವೆಗೆ ಪರವಾಗಿಲ್ಲ.

ತೆಂಗಿನ ನಾರು ಬಾಗಿಲಾಚೆಗೆ ಮಾತ್ರ. ಅಲ್ಲಿ ಅದನ್ನು ಮೀರಿಸುವುದು ಇಲ್ಲ. ಚಪ್ಪಲಿಯ ಮಣ್ಣು ಕೆರೆದು ಹಿಡಿದುಕೊಳ್ಳುತ್ತದೆ. ಒಳಗೆ ಬರಿಗಾಲಿಗೆ ಚುಚ್ಚುತ್ತದೆ.

ಪಾಲಿಪ್ರೊಪಿಲೀನ್, ಅಂದರೆ ಮೆಷಿನ್‌ನಲ್ಲಿ ನೇಯ್ದ ಪ್ಲಾಸ್ಟಿಕ್ ಎಳೆಯ ಕಾರ್ಪೆಟ್. ಇದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಚಿಕ್ಕ ಮಕ್ಕಳು, ನಾಯಿ ಇರುವ ಮನೆಗೆ ಇದು ನಿಜಕ್ಕೂ ಅನುಕೂಲ. ಬಣ್ಣ ಹೋಗುವುದಿಲ್ಲ, ನೀರು ಹೀರುವುದಿಲ್ಲ, ಬಾಲ್ಕನಿಯಲ್ಲೂ ಹಾಕಬಹುದು. ಆದರೆ ಕಾಲು ಬಿದ್ದ ಕಡೆ ಜೂಲು ಮಲಗಿ ಹೊಳಪು ಬರುತ್ತದೆ, ಮತ್ತೆ ಏಳುವುದಿಲ್ಲ. ಬಿಸಿ ತಗುಲಿದರೆ ಕರಗುತ್ತದೆ. ದೇವರ ಕೋಣೆಯ ಹತ್ತಿರ ಬೇಡವೇ ಬೇಡ. ಊದುಬತ್ತಿಯ ಕೆಂಡ ಬಿದ್ದರೆ ಗಟ್ಟಿಯಾದ ಕಪ್ಪು ತೂತು ಉಳಿದುಬಿಡುತ್ತದೆ. ಅಲ್ಲಿಗೆ ಹತ್ತಿಯ ಆಸನವೋ, ಹಳೆಯ ಧಾಬಳಿಯ ತುಂಡೋ, ಒಂದು ಚಾಪೆಯೋ ಸಾಕು.

ಬ್ಯಾಂಬೂ ಸಿಲ್ಕ್, ಆರ್ಟ್ ಸಿಲ್ಕ್ ಎಂಬ ಹೆಸರಿನಲ್ಲಿ ಬರುವ ಹೊಳೆಯುವ ಕಾರ್ಪೆಟ್‌ಗಳು ಬಹುಪಾಲು ವಿಸ್ಕೋಸ್ ಎಂಬ, ರೇಷ್ಮೆಯಂತೆ ಕಾಣುವ ಕೃತಕ ಎಳೆಯವು. ನೀರಿನ ಹನಿ ಬಿದ್ದ ಜಾಗ ಹಳದಿಯಾಗಿ ಗಡುಸಾಗುತ್ತದೆ. ದಿನಾ ನೆಲ ಒರೆಸುವ ಮನೆಗೆ ತರಬೇಡಿ.

ಹಿಂಬದಿ ನೋಡದೆ ಕೊಂಡು ಕೆಟ್ಟೆ

ಮದುವೆಯಾದ ಹೊಸತರಲ್ಲಿ ಒಂದು 5x8 ಕಾರ್ಪೆಟ್ ತಂದೆವು. ತಿಳಿ ಬೂದು ಬಣ್ಣ, ಮೆತ್ತಗಿನ ಜೂಲು. 'ಪೂರ್ತಿ ಕೈಕೆಲಸ, ಶುದ್ಧ ಉಣ್ಣೆ' ಎಂದು ಅಂಗಡಿಯವರು ಹೇಳಿದರು. ಉಣ್ಣೆ ಎಂಬುದು ಸುಳ್ಳಾಗಿರಲಿಲ್ಲ. ಮೂರನೇ ಮಳೆಗಾಲಕ್ಕೆ ಹಾಲ್‌ನಲ್ಲಿ ಹಳೆಯ ಟೈರಿನಂಥ ವಾಸನೆ ಶುರುವಾಯಿತು. ದೀಪಾವಳಿಗೆ ಮನೆ ತೊಳೆಯೋಣ ಎಂದು ಇಬ್ಬರೂ ಸೇರಿ ಎತ್ತಿದೆವು. ಅಡಿಯ ಟೈಲ್ಸ್ ಮೇಲೆ ಕಾರ್ಪೆಟ್‌ನ ಆಕಾರಕ್ಕೇ ಹಳದಿ ಮಿಶ್ರಿತ ಬಿಳಿ ಪುಡಿ ಹರಡಿತ್ತು. ರಂಗೋಲಿ ಪುಡಿ ಚೆಲ್ಲಿದ ಹಾಗೆ. ಹಿಂಬದಿಯ ಬಟ್ಟೆ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಬೆರಳಿನಿಂದ ಎಳೆದರೆ ಜೂಲು ಗೊಂಚಲು ಗೊಂಚಲಾಗಿ ಕೈಗೆ ಬಂತು.

ಅದು ಟಫ್ಟೆಡ್ ಕಾರ್ಪೆಟ್. ಗನ್ನಿನಂಥ ಸಾಧನದಿಂದ ಒಂದು ಬಟ್ಟೆಗೆ ಉಣ್ಣೆ ಎಳೆಗಳನ್ನು ಚುಚ್ಚುತ್ತಾರೆ. ಅವು ಉದುರದಂತೆ ಹಿಂದೆ ಲೇಟೆಕ್ಸ್ ಎಂಬ ರಬ್ಬರ್ ಅಂಟು ಬಳಿದು, ಅದರ ಮೇಲೆ ಇನ್ನೊಂದು ಬಟ್ಟೆ ಅಂಟಿಸುತ್ತಾರೆ. ಕೈಯಲ್ಲಿ ಗನ್ ಹಿಡಿದಿರುವುದರಿಂದ ಕೈಕೆಲಸ ಎಂಬ ಮಾತೂ ನಿಜವೇ. ಆದರೆ ಇಡೀ ಕಾರ್ಪೆಟ್ ನಿಂತಿರುವುದು ಅಂಟಿನ ಮೇಲೆ. ಶಾಖ, ತೇವ ಎರಡೂ ಆ ಅಂಟನ್ನು ಒಣಗಿಸಿ ಪುಡಿ ಮಾಡುತ್ತವೆ. ಒದ್ದೆ ಮಾಪ್ ದಿನಾ ಅಂಚಿಗೆ ತಾಗುತ್ತಿದ್ದರೆ ಇನ್ನೂ ಬೇಗ.

ಕೈಗಂಟಿನ ಕಾರ್ಪೆಟ್ ಹಾಗಲ್ಲ. ಪ್ರತಿ ಎಳೆಯನ್ನೂ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸುನೂಲಿಗೆ ಸುತ್ತಿ ಗಂಟು ಹಾಕಿರುತ್ತಾರೆ, ಅಂಟಿನ ಮಾತೇ ಇಲ್ಲ. ಲೆಕ್ಕ ಹಾಕಿ ನೋಡಿ. ಚದರ ಇಂಚಿಗೆ 100 ಗಂಟು ಅಂದರೆ ಚದರ ಅಡಿಗೆ 14,400. 5x8 ಕಾರ್ಪೆಟ್‌ಗೆ 5,76,000 ಗಂಟು. ದಿನಕ್ಕೆ ಎಂಟು ಸಾವಿರ ಗಂಟು ಹಾಕಿದರೂ ಒಬ್ಬರಿಗೆ 72 ದಿನ ಬೇಕು. ಬೆಲೆ ಯಾಕೆ ಅಷ್ಟು ಅಂತ ಆಗ ಅರ್ಥವಾಗುತ್ತದೆ, ಅಲ್ವಾ? ನಮ್ಮ ದೇಶದ ಗಂಟಿನ ಕಾರ್ಪೆಟ್‌ಗಳಿಗೆ ಉತ್ತರಪ್ರದೇಶದ ಭದೋಹಿ, ಮಿರ್ಜಾಪುರ, ಜೊತೆಗೆ ಕಾಶ್ಮೀರ, ಜೈಪುರ ಹೆಸರುವಾಸಿ.

ಇದೇ ಕೆಲಸದಲ್ಲಿ ಮಕ್ಕಳನ್ನು ದುಡಿಸಿದ ಕಹಿ ಇತಿಹಾಸವೂ ಇದೆ. ಅದನ್ನು ತಡೆಯಲೆಂದೇ 1994ರಲ್ಲಿ ಮಕ್ಕಳ ಹಕ್ಕಿನ ಹೋರಾಟಗಾರ ಕೈಲಾಶ್ ಸತ್ಯಾರ್ಥಿ ರಗ್‌ಮಾರ್ಕ್ ಎಂಬ ಗುರುತು ಚೀಟಿ ತಂದರು. ಈಗ ಅದರ ಹೆಸರು ಗುಡ್‌ವೀವ್. ಕಾರ್ಪೆಟ್‌ನ ಹಿಂದೆ ಸಂಖ್ಯೆಯಿರುವ ಆ ಚೀಟಿ ಇದೆಯಾ ಎಂದು ದಯವಿಟ್ಟು ಕೇಳಿ. ಇಷ್ಟು ದುಡ್ಡು ಕೊಡುವಾಗ ಆ ಒಂದು ಪ್ರಶ್ನೆ ಕೇಳುವ ಹಕ್ಕು ನಮಗಿದೆ.

ಯಾವುದು ಯಾವುದೆಂದು ತಿಳಿಯಲು ಕಾರ್ಪೆಟ್ ಮಗುಚಿ ಹಾಕಿ. ಹಿಂದೆ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್. ಮುಂದಿನ ಚಿತ್ರವೇ ಹಿಂದೆಯೂ ಸ್ಪಷ್ಟವಾಗಿ, ಸಣ್ಣ ಸಣ್ಣ ಗಂಟುಗಳಲ್ಲಿ, ಅಲ್ಲಲ್ಲಿ ಚೂರು ಏರುಪೇರಾಗಿ ಕಂಡರೆ ಕೈಗಂಟಿನದು. ಹಿಂಬದಿ ಗೆರೆ ಎಳೆದ ಹಾಗೆ ಒಂದೇ ಸಮ ಇದ್ದರೆ ಮೆಷಿನ್‌ನದು. ಕುಚ್ಚನ್ನೂ ನೋಡಿ. ಗಂಟಿನ ಕಾರ್ಪೆಟ್‌ನಲ್ಲಿ ಕುಚ್ಚು ಅಂದರೆ ಹಾಸುನೂಲಿನ ತುದಿಯೇ, ಒಳಗಿಂದ ಬಂದಿರುತ್ತದೆ. ಬೇರೆಯದರಲ್ಲಿ ಹೆಚ್ಚಾಗಿ ಆಮೇಲೆ ಹೊಲಿದಿರುತ್ತಾರೆ.

ಟಫ್ಟೆಡ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ನೀರು ಬೀಳದ ಬೆಡ್‌ರೂಮಿಗೆ, ಕೆಲವು ವರ್ಷ ಬಂದರೆ ಸಾಕು ಎಂದು ತಿಳಿದೇ ಕೊಳ್ಳುವುದಾದರೆ ಆಗಬಹುದು. ಗಂಟಿನ ಕಾರ್ಪೆಟ್ ಎಂದುಕೊಂಡು ಅದರ ಬೆಲೆ ಕೊಡಬೇಡಿ, ಅಷ್ಟೇ.

ಯಾವ ಜಾಗಕ್ಕೆ ಎಷ್ಟು ಅಳತೆ

ಹಾಲ್‌ನಲ್ಲಿ ಎಲ್ಲರೂ ಮಾಡುವ ತಪ್ಪು ಚಿಕ್ಕದು ತರುವುದು. ಏಳಡಿ ಸೋಫಾ ಮುಂದೆ 3x5 ಹಾಸಿದರೆ ದೊಡ್ಡ ಬಾಳೆಎಲೆಯ ನಡುವೆ ಒಂದು ಚೂರು ಹಪ್ಪಳ ಇಟ್ಟ ಹಾಗೆ ಕಾಣುತ್ತದೆ. ಹಾಸಿನ ಉದ್ದ ಸೋಫಾದ ಉದ್ದಕ್ಕಿಂತ ಕಡಿಮೆ ಇರಬಾರದು. ಮೂರು ಜನ ಕೂರುವ ಸೋಫಾಗೆ 5x8 ಸರಿ, ಎಂಟಡಿಯ ಬದಿ ಸೋಫಾದ ಉದ್ದಕ್ಕೆ ಬರಲಿ. ಸೋಫಾದ ಮುಂದಿನ ಕಾಲುಗಳು ಅದರ ಮೇಲೆ ಅರ್ಧ ಅಡಿ ಕೂರಲಿ. ಹಾಗಿದ್ದರೆ ಹಾಸು ಜಾರುವುದಿಲ್ಲ, ಸೋಫಾ ಮತ್ತು ಹಾಸು ಒಂದೇ ಗುಂಪಾಗಿ ಕಾಣುತ್ತವೆ. ಒರೆಸುವಾಗ ಮುಂದಿನ ಮುಕ್ಕಾಲು ಭಾಗ ಹಿಂದಕ್ಕೆ ಮಡಚಿದರೆ ಆಯಿತು. ನೆಂಟರು ಬಂದಾಗ ನೆಲದ ಮೇಲೆ ಕೂರುವ ರೂಢಿ ಇರುವ ಮನೆಯಾದರೆ 6x9 ನೋಡಿ. ಗೋಡೆಯಿಂದ ಒಂದಡಿಯಾದರೂ ನೆಲ ಕಾಣಲಿ.

ಊಟದ ಮೇಜಿನ ಕೆಳಗೆ ಹಾಸುವ ಆಸೆ ಕೆಲವರಿಗಿದೆ. ಕುರ್ಚಿ ಹಿಂದಕ್ಕೆ ಎಳೆದರೂ ಕಾಲು ಹಾಸಿನ ಮೇಲೇ ಇರಬೇಕು ಅಂದರೆ ಮೇಜಿನ ನಾಲ್ಕೂ ಕಡೆ ಎರಡೆರಡು ಅಡಿ ಹೆಚ್ಚಿಗೆ ಬೇಕು. 4x3 ಅಡಿಯ ಮೇಜಿಗೆ 8x7 ಹಾಸು. ಅದರ ಮೇಲೆ ಸಾರು, ಮೊಸರನ್ನ, ಮಕ್ಕಳು. ನನ್ನ ಅಭಿಪ್ರಾಯ ಕೇಳಿದರೆ ಅಲ್ಲಿ ಬರಿ ನೆಲವೇ ಒಳ್ಳೆಯದು. ಅರಿಶಿನದ ಕಲೆಯ ಬಗ್ಗೆ ಮಾತ್ರ ಒಂದು ಮಾತು: ಸೋಪು ತಾಗಿದ ಕೂಡಲೇ ಅದು ಕೆಂಪಾಗುತ್ತದೆ, ಗಾಬರಿ ಬೇಡ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಎರಡು ಮೂರು ದಿನದಲ್ಲಿ ಬಹುಮಟ್ಟಿಗೆ ಹೋಗುತ್ತದೆ.

ಬೆಡ್‌ರೂಮಿನಲ್ಲಿ ದೊಡ್ಡ ಕಾರ್ಪೆಟ್ಟನ್ನು ಮಂಚದ ಅಡಿಗೆ ತೂರಿಸಿ ಮೂರು ಕಡೆ ಕಾಣುವಂತೆ ಹಾಸುವುದು ಚಿತ್ರಗಳಲ್ಲಿ ಚೆಂದ. 5 ಅಡಿ ಅಗಲದ ಮಂಚಕ್ಕೆ 6x9 ಅಡ್ಡ ಹಾಸಿದರೆ ಎರಡೂ ಬದಿಗೆ ಎರಡೆರಡು ಅಡಿ ಸಿಗುತ್ತದೆ. ಆದರೆ ಬಾಕ್ಸ್ ಮಂಚ ಎತ್ತಿ ಅದರ ಕೆಳಗೆ ಒರೆಸುವವರು ಯಾರು? ಅದರ ಬದಲು ಎರಡೂ ಪಕ್ಕ 2x6ರ ಎರಡು ರನ್ನರ್ ಹಾಸಿ. ಖರ್ಚು ಕಡಿಮೆ, ಎತ್ತುವುದು ಸುಲಭ, ಕಾಲಿಡುವ ಜಾಗಕ್ಕೆ ಸರಿಯಾಗಿ ಹಾಸು ಇರುತ್ತದೆ. ಬೀರುವಿನ ಬಾಗಿಲು ತೆಗೆಯುವ ಜಾಗ ಬಿಡುವುದನ್ನು ಮರೆಯಬೇಡಿ.

ಬಾಗಿಲ ಅಡಿಯ ಸಂದನ್ನೂ ನೋಡಿ. ಒಂದು ಬೆಂಕಿಪೊಟ್ಟಣ ಮಲಗಿಸಿ ತೂರಿಸಿ ನೋಡಿ, ಅದರ ದಪ್ಪ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ಅದು ಸಿಕ್ಕಿಕೊಂಡರೆ ಬಾಗಿಲು ಓಡಾಡುವ ಕಡೆ ಜೂಲಿನ ಕಾರ್ಪೆಟ್ ಬೇಡ, ಜಮಖಾನೆಯೇ ಗತಿ.

ರನ್ನರ್ ಎಲ್ಲಿ ಬೇಕು, ಎಲ್ಲಿ ಬೇಡ

ನಮ್ಮ ಫ್ಲಾಟುಗಳ ಓಣಿಯಂಥ ಪ್ಯಾಸೇಜು ಹೆಚ್ಚಾಗಿ ಮೂರು, ಮೂರೂವರೆ ಅಡಿ ಅಗಲ. ಅಲ್ಲಿಗೆ ಎರಡಡಿ, ಹೆಚ್ಚೆಂದರೆ ಎರಡೂವರೆ ಅಡಿ ಅಗಲದ ರನ್ನರ್. ಎರಡೂ ಬದಿ ನೆಲ ಅರ್ಧ ಅಡಿಯ ಹಾಗೆ ಕಾಣಬೇಕು, ಅದು ಸೀರೆಗೆ ಅಂಚು ಇದ್ದಂತೆ. ರನ್ನರ್‌ನ ತುದಿ ಯಾವುದಾದರೂ ರೂಮಿನ ಬಾಗಿಲ ನಟ್ಟನಡುವೆ ಮುಗಿಯದಿರಲಿ. ಒಳಗೆ ಕಾಲಿಡುವವರು ಅಲ್ಲೇ ಎಡವುತ್ತಾರೆ. ಬಾಗಿಲು ದಾಟಿ ಮುಂದೆ ಹೋಗಲಿ, ಇಲ್ಲ ಬಾಗಿಲಿಗಿಂತ ಮೊದಲೇ ನಿಲ್ಲಲಿ.

ಅಡುಗೆಮನೆಯಲ್ಲಿ ಸಿಂಕಿನ ಮುಂದೆ 2x4 ಅಥವಾ 2x5ರ ಹತ್ತಿ ರನ್ನರ್. ಒಂದೇ ಥರದ್ದು ಎರಡು ಇಟ್ಟುಕೊಳ್ಳಿ. ಒಂದು ನೆಲದ ಮೇಲೆ, ಒಂದು ಒಗೆದು ಒಣಗಲು. ಎಣ್ಣೆ, ಒಗ್ಗರಣೆ ಸಿಡಿತ, ಅಕ್ಕಿ ತೊಳೆದ ನೀರು ಎಲ್ಲ ಅದರ ಮೇಲೇ ಬೀಳುತ್ತವೆ. ದುಬಾರಿಯದು ಇಲ್ಲಿ ದಂಡ. ವಾಷಿಂಗ್ ಮೆಷಿನ್‌ಗೆ ಹಿಡಿಸುವಂತಿರಬೇಕು, ಅಷ್ಟೇ.

ವಾಕರ್ ಅಥವಾ ಕೋಲು ಹಿಡಿದು ನಡೆಯುವ ಹಿರಿಯರಿದ್ದರೆ ಅವರ ಕೋಣೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ಏನೂ ಹಾಸಬೇಡಿ. ನಮ್ಮ ಮಾವನವರು ಊರಿಂದ ಬಂದಾಗಲೆಲ್ಲ ನಾನು ಪ್ಯಾಸೇಜಿನ ರನ್ನರ್ ಸುತ್ತಿ ಬೀರುವಿನ ಮೇಲಿಡುತ್ತೇನೆ. ಅವರು ವಾಪಸ್ ಹೋಗುವವರೆಗೂ ಅದು ಅಲ್ಲೇ.

ಉಳಿದ ಎಲ್ಲ ರನ್ನರ್‌ಗಳ ಕೆಳಗೆ ಜಾರದಂಥ ರಬ್ಬರ್ ಬಲೆ ಹಾಕಿ. ಹಾಸಿಗಿಂತ ಸುತ್ತಲೂ ಒಂದಿಂಚು ಕಡಿಮೆ ಕತ್ತರಿಸಿ, ಆಗ ಅಂಚು ಚಪ್ಪಟೆಯಾಗಿ ಕೂರುತ್ತದೆ, ಬಲೆ ಇಣುಕುವುದಿಲ್ಲ. ಅಗ್ಗದ ಪಿವಿಸಿ ಬಲೆ ಕೆಲವು ನೆಲಗಳ ಮೇಲೆ ಅಂಟಿ ಕಲೆ ಬಿಡುತ್ತದೆ. ನುಣುಪು ಕಲ್ಲು, ಹಳೆಯ ಗಾರೆ ನೆಲ ಇದ್ದವರು ಮೊದಲು ಒಂದು ಮೂಲೆಯಲ್ಲಿ ಚಿಕ್ಕ ತುಂಡು ಹಾಕಿ ವಾರ ಬಿಟ್ಟು ನೋಡಿ.

ಬಣ್ಣ ಹೊಂದಿಸುವುದು: ಸೀರೆ-ರವಿಕೆಯ ಲೆಕ್ಕ

ಬಣ್ಣವನ್ನು ಗೋಡೆಯಿಂದ ಶುರುಮಾಡಬೇಡಿ, ನೆಲದಿಂದ ಶುರುಮಾಡಿ. ಗೋಡೆಗೆ ಐದು ವರ್ಷಕ್ಕೊಮ್ಮೆ ಬೇರೆ ಬಣ್ಣ ಹೊಡೆಸುತ್ತೇವೆ. ನೆಲ ಹಾಗೇ ಇರುತ್ತದೆ.

ಹಳೆಯ ಕೆಂಪು ಗಾರೆ ನೆಲದ ಮೇಲೆ ಕೆಂಪು ಜಮಖಾನೆ ಮುಳುಗಿಹೋಗುತ್ತದೆ. ಅಲ್ಲಿಗೆ ನೀಲಿ, ಕೆನೆ, ಬೂದು. ಶಹಾಬಾದ್ ಕಲ್ಲಿನ ಬೂದು ನೆಲ, ಕಡಪಾ ಕಲ್ಲಿನ ಕಪ್ಪು ನೆಲದ ಮೇಲೆ ಮಾತ್ರ ಕೆಂಪು ಎದ್ದು ಕಾಣುತ್ತದೆ, ನವಲಗುಂದದ ಗಾಢ ಬಣ್ಣಗಳಿಗೆ ಅಂಥ ನೆಲವೇ ಸರಿ. ಚುಕ್ಕೆ ಚುಕ್ಕೆಯ ಮೊಸಾಯಿಕ್ ನೆಲಕ್ಕೆ ಆಗಲೇ ಚಿತ್ತಾರ ಇದೆ. ಅದರ ಮೇಲೆ ಹೂವು ಬಳ್ಳಿ ಬೇಡ, ಒಂದೇ ಬಣ್ಣದ್ದೋ ಅಗಲ ಪಟ್ಟೆಯದೋ ಹಾಸಿ. ಕೆನೆ ಬಣ್ಣದ ವಿಟ್ರಿಫೈಡ್ ಟೈಲ್ಸ್, ಅಂದರೆ ಈಗಿನ ಬಹುಪಾಲು ಫ್ಲಾಟುಗಳ ನೆಲ, ಯಾವುದನ್ನೂ ಒಪ್ಪಿಕೊಳ್ಳುತ್ತದೆ. ಆದರೆ ತಿಳಿ ಬಣ್ಣದ ಹಾಸು ಅಲ್ಲಿ ಪೇಲವವಾಗಿ ಕಾಣುತ್ತದೆ, ಒಂದು ಗಾಢ ಬಣ್ಣ ಇರಲಿ. ಕೈಯಲ್ಲಿ ಮಾಡಿದ ಚಿತ್ತಾರದ ಆತಂಗುಡಿ ಟೈಲ್ಸ್ ಹಾಕಿಸಿದ್ದರೆ ಅದನ್ನು ಮುಚ್ಚಬೇಡಿ, ದಯವಿಟ್ಟು.

ಇನ್ನು ಒಂದಕ್ಕೊಂದು ಹೊಂದಿಸುವುದು. ಮುಂಬಾಗಿಲಲ್ಲಿ ನಿಂತು ನೋಡಿ. ಒಂದೇ ನೋಟಕ್ಕೆ ಎಷ್ಟು ಹಾಸುಗಳು ಕಾಣುತ್ತವೆ? ನಮ್ಮ ಮನೆಯಲ್ಲಿ ಮೂರು: ಹಾಲ್‌ನದು, ಪ್ಯಾಸೇಜಿನ ರನ್ನರ್, ಅಡುಗೆಮನೆಯ ರನ್ನರ್‌ನ ತುದಿ. ಆ ಮೂರಕ್ಕೆ ಮಾತ್ರ ನಂಟು ಇರಬೇಕು. ಬಾಗಿಲು ಹಾಕಿದ ಬೆಡ್‌ರೂಮಿನಲ್ಲಿ ನಿಮ್ಮಿಷ್ಟ.

ನಂಟು ಅಂದರೆ ಮೂರೂ ಒಂದೇ ಥರ ಎಂದಲ್ಲ. ಸೆಟ್ ಎಂದು ಮೂರು ಅಳತೆಯಲ್ಲಿ ಒಂದೇ ಚಿತ್ತಾರ ಮಾರುತ್ತಾರೆ, ಅದನ್ನು ಹಾಸಿದರೆ ಮನೆ ಹೋಟೆಲ್ ರೂಮಿನ ಹಾಗಾಗುತ್ತದೆ. ನಮಗೆ ಗೊತ್ತಿರುವ ಲೆಕ್ಕವೇ ಸಾಕು. ಕಡುನೀಲಿ ಇಳಕಲ್ ಸೀರೆಗೆ ಮರೂನ್ ಅಂಚು. ಅದಕ್ಕೆ ರವಿಕೆ ಯಾವುದು ಆರಿಸುತ್ತೇವೆ? ಒಡಲಿನ ನೀಲಿಯದಲ್ಲ, ಅಂಚಿನ ಮರೂನ್ ಖಣ. ಹಾಗೆಯೇ ದೊಡ್ಡ ಹಾಸಿನಲ್ಲಿ ಕಡಿಮೆ ಇರುವ ಬಣ್ಣ ರನ್ನರ್‌ನಲ್ಲಿ ಜಾಸ್ತಿ ಇರಲಿ. ಹಾಲ್‌ನಲ್ಲಿ ಚಿತ್ತಾರದ ಜಮಖಾನೆ ಇದ್ದರೆ ಪ್ಯಾಸೇಜಿಗೆ ಪಟ್ಟೆ, ಅಡುಗೆಮನೆಗೆ ಒಂದೇ ಬಣ್ಣದ್ದು. ನಮ್ಮಲ್ಲಿ ಹಾಲ್‌ನ ಜಮಖಾನೆ ಕೆಂಪು, ನಡುವಿನ ಪಗಡೆಯಲ್ಲಿ ಕಪ್ಪು, ಕೆನೆ, ಚೂರೇ ಚೂರು ಸಾಸಿವೆ ಹಳದಿ. ಪ್ಯಾಸೇಜಿಗೆ ಕಪ್ಪು-ಕೆನೆ ಪಟ್ಟೆ ಹಾಕಿದೆ. ಅಡುಗೆಮನೆಗೆ ಸಾಸಿವೆ ಹಳದಿ. ಅರಿಶಿನ ಬಿದ್ದರೂ ಗೊತ್ತಾಗುವುದಿಲ್ಲ ಎಂಬುದು ಆಮೇಲೆ ಸಿಕ್ಕ ಲಾಭ.

ಅಂಗಡಿಗೆ ಹೋಗುವಾಗ ಸೋಫಾದ ಒಂದು ಕುಶನ್ ಕವರ್ ಚೀಲದಲ್ಲಿ ಹಾಕಿಕೊಂಡು ಹೋಗಿ. ಮೊಬೈಲ್ ಫೋಟೋದಲ್ಲಿ ಬಣ್ಣ ನಿಜವಾಗಿ ಬರುವುದಿಲ್ಲ. ಹಾಸನ್ನು ಬಾಗಿಲ ಹತ್ತಿರ, ಹಗಲು ಬೆಳಕಿಗೆ ತರಿಸಿ ನೋಡಿ. ಜೂಲಿನ ಕಾರ್ಪೆಟ್ ಆದರೆ ಸುತ್ತು ಹೊಡೆದು ನೋಡಿ. ಒಂದು ಕಡೆಯಿಂದ ತಿಳಿ, ಎದುರು ಕಡೆಯಿಂದ ಗಾಢ ಕಾಣುತ್ತದೆ. ಮನೆಯಲ್ಲಿ ನೀವು ಯಾವ ಕಡೆಯಿಂದ ಒಳಗೆ ಬರುತ್ತೀರೋ ಆ ಕಡೆಯ ಬಣ್ಣ ಇಷ್ಟವಾಗಬೇಕು. ಬಣ್ಣ ಬಿಡುತ್ತದಾ ಎಂದು ತಿಳಿಯಲು ಬಿಳಿ ಕರ್ಚೀಫನ್ನು ಚೂರು ಒದ್ದೆ ಮಾಡಿ ಹತ್ತು ಸಲ ಉಜ್ಜಿ. ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ, ಒಳ್ಳೆಯ ಮಾಲು ಇಟ್ಟವರು ತಾವೇ ಉಜ್ಜಿ ತೋರಿಸುತ್ತಾರೆ.

ಮಳೆಗಾಲ, ಒಗೆತ, ಹುಳು

ಜಮಖಾನೆಯ ಮೊದಲ ಒಗೆತ ಬೇರೆಯಾಗಿ, ತಣ್ಣೀರಿನಲ್ಲಿ. ನೆನೆದ 5x8 ಒಬ್ಬರಿಂದ ಎತ್ತಲಾಗುವುದಿಲ್ಲ, ಇನ್ನೊಬ್ಬರು ಇರುವ ದಿನ ನೋಡಿಕೊಳ್ಳಿ. ಹಿಂಡಬೇಡಿ. ಟೆರೇಸಿನ ಮೋಟುಗೋಡೆಯ ಮೇಲೆ ಹಾಕಿ ನೀರು ಇಳಿಯಲು ಬಿಡಿ. ತಂತಿಯ ಮೇಲೆ ಹಾಕಿದರೆ ನಡುವೆ ಗೆರೆ ಬಿದ್ದು ಎಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡದನ್ನು ಒಗೆಯುವ ಗೋಜಿಗೆ ಹೋಗಬೇಡಿ. ಮೇ ತಿಂಗಳ ಕೊನೆಗೆ ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ ಸಾಕು.

ಉಣ್ಣೆಗೆ ಹುಳು ಬರುವುದು ಕತ್ತಲೆ ಮತ್ತು ಕದಲದ ಜಾಗದಲ್ಲಿ, ಅಂದರೆ ಸೋಫಾದ ಅಡಿಗೆ ಹೋದ ಭಾಗದಲ್ಲಿ. ತಿಂಗಳಿಗೊಮ್ಮೆ ಆ ಭಾಗ ಮಗುಚಿ ಗುಡಿಸಿ. ಬಿಸಿಲಿದ್ದ ದಿನ ಹಿಂಬದಿ ಮೇಲಾಗಿ ಒಂದೆರಡು ಗಂಟೆ ಹಾಕಿ. ಆರು ತಿಂಗಳಿಗೊಮ್ಮೆ ಹಾಸಿನ ತಲೆ-ಕಾಲು ಬದಲಿಸಿ, ಸವೆತ ಒಂದೇ ಕಡೆ ಬೀಳುವುದಿಲ್ಲ. ಎತ್ತಿಡುವಾಗ ಮಡಚಬೇಡಿ, ಸುರುಳಿ ಸುತ್ತಿ ಹಳೆಯ ಕಾಟನ್ ಸೀರೆಯಲ್ಲಿ ಕಟ್ಟಿ. ಪ್ಲಾಸ್ಟಿಕ್ ಚೀಲದಲ್ಲಿ ಒಳಗಿನ ತೇವ ಹೊರಗೆ ಹೋಗದೆ ಬೂಷ್ಟು ಹಿಡಿಯುತ್ತದೆ.

ಕೊಳ್ಳುವ ಮೊದಲು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಸಿಂಗಲ್ ಬೆಡ್‌ಶೀಟ್ ಸಾಮಾನ್ಯವಾಗಿ 60x90 ಇಂಚು, ಅಂದರೆ 5 ಅಡಿಗೆ ಏಳೂವರೆ. 5x8 ಜಮಖಾನೆ, ಕಾರ್ಪೆಟ್‌ಗೆ ಇದಕ್ಕಿಂತ ಹತ್ತಿರದ ಮಾದರಿ ಸಿಗದು. ಅದನ್ನು ಸೋಫಾದ ಮುಂದಿನ ಕಾಲುಗಳ ಅಡಿಗೆ ಸಿಕ್ಕಿಸಿ ಹಾಲ್‌ನಲ್ಲಿ ಹರಡಿ. ಚಿಕ್ಕದಾಯಿತೋ ದೊಡ್ಡದಾಯಿತೋ ಅಲ್ಲೇ ಗೊತ್ತಾಗುತ್ತದೆ. ಪ್ಯಾಸೇಜಿಗೆ ಹಳೆಯ ಪಂಚೆಯನ್ನು ಎರಡಡಿ ಅಗಲಕ್ಕೆ ಮಡಚಿ ಹಾಸಿ. ಎರಡು ದಿನ ಹಾಗೇ ಬಿಡಿ, ಜಾರದಂತೆ ಅಂಚಿಗೆ ಟೇಪ್ ಹಾಕಿ. ಯಾರು ಎಲ್ಲಿ ಎಡವುತ್ತಾರೆ, ಬಾಗಿಲು ಎಲ್ಲಿ ತಾಗುತ್ತದೆ, ಮನೆಕೆಲಸಕ್ಕೆ ಬರುವವರು ಒರೆಸುವಾಗ ಯಾವ ಮೂಲೆ ಎತ್ತುತ್ತಾರೆ ನೋಡಿ. ಅವರನ್ನೂ ಒಂದು ಮಾತು ಕೇಳಿ. ದಿನಾ ಎತ್ತುವವರು ಅವರೇ ಆದರೆ ಯಾವ ತೂಕದ್ದು ತರಬೇಕು ಎಂದು ಅವರಿಗೇ ಚೆನ್ನಾಗಿ ಗೊತ್ತು.